ನಲವತ್ತಮೂರನೆಯ ಮನೆ

ಎಕ್‌ಹಾರ್ಡ್ ಜೈಫರ್ಟ್‌ನ ಸಂಗ್ರಹದಲ್ಲಿ ನಲವತ್ತಮೂರನೆಯ ಮನೆ ತುಂಬಿದೆಯೋ ಖಾಲಿಯೋ ಎಂಬುದು ಈ ವರ್ಷದ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಜರ್ಮನಿಯ ಅಂಚಿನ ನಮ್ಮ ಅದಿರುಬೆಟ್ಟಗಳ ಸೀಮೆ ಎದುರಿಸಿದ ಅತಿ ಗಂಭೀರ ಪ್ರಶ್ನೆಯಾಗಿತ್ತು. ಅದೇ ಎರಡು ತಿಂಗಳಲ್ಲಿ ಸ್ಯಾಕ್ಸನಿಯ ಸರ್ಕಾರ ಏನೇನು ಮಾಡಿತೋ ನನಗೆ ನೆನಪಿಲ್ಲ. ಇದು ಮಾತ್ರ ನೆನಪಿದೆ, ಏಕೆಂದರೆ ಸಂಘದ ನಡಾವಳಿ ಪುಸ್ತಕ ಬರೆಯುವವನು ನಾನು.

ಸಂಘವೆಂದರೆ ಐದು ಜನ. ತಿಂಗಳ ಮೊದಲ ಗುರುವಾರ ಸಂಜೆ ಆರಕ್ಕೆ ರೋಸ್‌ವಿಟಾಳ ಹೋಟೆಲಿನ ಒಳಕೋಣೆಯಲ್ಲಿ, ಒಲೆಯ ಪಕ್ಕದ ಮೇಜಿಗೆ ಸೇರುತ್ತೇವೆ. ಜಗತ್ತಿನಲ್ಲಿರುವ ಮೂಲಧಾತುಗಳನ್ನೆಲ್ಲ ಒಂದೊಂದು ಚೂರಿನಂತೆ ಮನೆಗೆ ತಂದಿಟ್ಟುಕೊಳ್ಳುವುದು ನಮ್ಮ ಹವ್ಯಾಸ. ಕಬ್ಬಿಣ, ತಾಮ್ರ, ಗಂಧಕಗಳಿಗೆ ಒಂದು ವಾರ ಸಾಕು. ಚಿನ್ನಕ್ಕೆ ಹೆಂಡತಿಯ ಒಪ್ಪಿಗೆ ಬೇಕು. ಥೋರಿಯಂ ಹಳೆಯ ಗ್ಯಾಸ್ ದೀಪದ ಬಲೆಯಲ್ಲಿ ಸಿಗುತ್ತದೆ. ಯುರೇನಿಯಂ ಬೇಕೆಂದರೆ ಅಜ್ಜಿಯ ಕಾಲದ ಹಸಿರು ಗಾಜಿನ ಬಟ್ಟಲಾದೀತು. ನಮ್ಮೂರಿನವರಿಗೆ ಅದೂ ಬೇಡ, ಹಳೆಯ ಗಣಿಗುಡ್ಡೆಯ ಬುಡದಲ್ಲಿ ಬಗ್ಗಿದರಾಯಿತು. ಮುಂದಿನ ದಾರಿ ಕಡಿದಾದದ್ದು. ರೇಡಿಯಂ ಎಂಬತ್ತೆಂಟನೆಯದು, ಅದು ಅಪರೂಪ. ನಲವತ್ತಮೂರನೆಯದಾದ ಟೆಕ್ನೀಷಿಯಂ ನೆಲದಲ್ಲಿ ಸಿಗುವಂಥದ್ದೇ ಅಲ್ಲ. ಅದನ್ನು ಮನುಷ್ಯರು ಮಾಡಬೇಕು, ಮಾಡಿದವರು ನಮ್ಮಂಥವರಿಗೆ ಕೊಡುವುದಿಲ್ಲ. ಹಾಗಾಗಿ ನಮ್ಮೆಲ್ಲರ ಪೆಟ್ಟಿಗೆಯಲ್ಲೂ ನಲವತ್ತೆರಡಕ್ಕೂ ನಲವತ್ತನಾಲ್ಕಕ್ಕೂ ನಡುವೆ ಬಿದ್ದುಹೋದ ಹಲ್ಲಿನಂತೆ ಒಂದು ಸಂದು.

ಪೆಟ್ಟಿಗೆ ಎಂದೆ. ಪೇರ್ ಹಣ್ಣಿನ ಮರದ್ದು, ತೊಂಬತ್ತೆರಡು ಪುಟ್ಟ ಮನೆಗಳಿರುವಂಥದ್ದು. ಯಾರ ಸಂಗ್ರಹ ಎಲ್ಲರಿಗಿಂತ ಮುಂದಿದೆಯೋ ಅವರ ಪೆಟ್ಟಿಗೆ ಹೋಟೆಲಿನ ಗೋಡೆಯ ಮೇಲಿರುತ್ತದೆ, ಅದರ ಕೆಳಗಿನ ಒರಗು ಕುರ್ಚಿಯೂ ಅವರದೇ. ವಿಕಿರಣ ಬೀರುವ ಚೂರುಗಳನ್ನು ಗೋಡೆಯ ಮೇಲಿಡಲು ರೋಸ್‌ವಿಟಾ ಬಿಡುವುದಿಲ್ಲ. ಅವುಗಳ ಮನೆಯಲ್ಲಿ ಚೀಟಿ ಮಾತ್ರ. ಹತ್ತೊಂಬತ್ತು ವರ್ಷಗಳಿಂದ ಅಲ್ಲಿರುವುದು ಗೊಟ್‌ಹೋಲ್ಡ್ ಊಲಿಗ್‌ನ ಪೆಟ್ಟಿಗೆ.

ಊಲಿಗ್ ಯುರೇನಿಯಂ ಗಣಿಯಲ್ಲಿ ವಿಕಿರಣ ಅಳೆಯುತ್ತಿದ್ದವನು. ಗಣಿ ಮುಚ್ಚಿದ ಮೇಲೆ ಅದರ ಗುಡ್ಡೆಗಳಿಗೆ ಮಣ್ಣು ಹೊದಿಸುವ ಕೆಲಸದಲ್ಲೂ ಅಳೆದ. ನಿವೃತ್ತನಾದ ಮೇಲೂ ಅಳೆಯುವುದು ನಿಂತಿಲ್ಲ. ಕತ್ತಲಲ್ಲಿ ಹೊಳೆಯಲೆಂದು ಮುಳ್ಳಿಗೆ ರೇಡಿಯಂ ಬಳಿದ ಒಂದು ಹಳೆಯ ಗಡಿಯಾರಕ್ಕಾಗಿ ಅವನು ಹನ್ನೊಂದು ವರ್ಷ ಹಳೇ ಸಾಮಾನಿನ ಸಂತೆಗಳನ್ನು ಸುತ್ತಿದ. ವಿಕಿರಣ ಕಂಡರೆ ಟಿಕ್ ಎನ್ನುವ ಗೈಗರ್ ಕೌಂಟರನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಅದರ ತಂತಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ವ್ಯಾಪಾರಿಗಳು ಪಾಪ, ಕಿವುಡ ಎಂದುಕೊಂಡು ಹನ್ನೊಂದು ವರ್ಷ ಅವನ ಕಿವಿಗೆ ಬಾಯಿ ಹಚ್ಚಿ ಕೂಗಿದರು. ಕೊನೆಗೆ ಪ್ಲಾವನ್ ಊರಿನ ಒಂದು ಗಾಡಿಯಲ್ಲಿ, ತುಕ್ಕು ಹಿಡಿದ ಸ್ಕೇಟುಗಳ ಕೆಳಗೆ, ಅವನ ಅಲಾರಂ ಗಡಿಯಾರ ಸಿಕ್ಕಿತು. ಅದರೊಂದಿಗೆ ಅವನ ಲೆಕ್ಕ ಎಂಬತ್ತನಾಲ್ಕಕ್ಕೆ ಏರಿತು.

ಎಕ್‌ಹಾರ್ಡ್ ಜೈಫರ್ಟ್ ಅದೇ ಗಣಿಯಲ್ಲಿ ಅದಿರಿನ ರೈಲು ಓಡಿಸುತ್ತಿದ್ದವನು. ಇಬ್ಬರೂ ನಲವತ್ತು ವರ್ಷದ ಸ್ನೇಹಿತರು. ಕಳೆದ ವಸಂತದಲ್ಲಿ ಜೈಫರ್ಟ್‌ನ ಅತ್ತೆ ತೀರಿಕೊಂಡಳು. ಅವಳ ಹಾಸಿಗೆಯ ಪಕ್ಕದಲ್ಲಿ ಅಂಥದೇ ಒಂದು ಗಡಿಯಾರವಿತ್ತು. ಜೈಫರ್ಟ್ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟ. ಅವನದೂ ಎಂಬತ್ತನಾಲ್ಕಾಯಿತು. ಸಮಬಲವಾದರೆ ಇದ್ದ ಪೆಟ್ಟಿಗೆ ಇದ್ದಂತೆಯೇ ಎಂಬ ಕಟ್ಟಳೆ ಇರುವುದರಿಂದ ಊಲಿಗ್ ಉಳಿದುಕೊಂಡ. ಆದರೆ ಅಂದಿನಿಂದ ಅವನು ಒರಗು ಕುರ್ಚಿಯಲ್ಲಿ ಒರಗಿದ್ದನ್ನು ನಾನು ಕಂಡಿಲ್ಲ.

"ನನಗೆ ಹನ್ನೊಂದು ವರ್ಷ, ಅವನಿಗೆ ಒಬ್ಬಳು ಅತ್ತೆ," ಎನ್ನುತ್ತಿದ್ದ. ಸತ್ತವಳ ಮೇಲೆ ಸಿಟ್ಟು ಮಾಡಿಕೊಂಡ ದನಿಯಲ್ಲಿ.

ಮುಖ್ಯ ನಿಯಮಗಳು ಮೂರು. ಹೊಸದೇನಾದರೂ ತಂದವರು ಸೂಪು ಮೇಜಿಗೆ ಬರುವ ಮೊದಲೇ ಘೋಷಿಸಬೇಕು. ವಿಕಿರಣದ ಸಾಮಾನಾದರೆ ಎಲ್ಲರ ಕೌಂಟರೂ ಅದಕ್ಕೆ ಸಾಕ್ಷಿ ನುಡಿಯಬೇಕು. ಮತ್ತು, ಕೊಟ್ಟವರು ತಮ್ಮ ಕೈಯಾರೆ ಬರೆದ ಚೀಟಿ ಇರಬೇಕು, ಏನು, ಎಲ್ಲಿಯದು, ಎಂದು ಕೊಟ್ಟದ್ದು ಎಂಬ ವಿವರದೊಂದಿಗೆ. ಚೀಟಿಯಿಲ್ಲದ ಚೂರು ನಮ್ಮ ಪಾಲಿಗೆ ಬರೀ ಕಸ. ಇದಕ್ಕಾಗಿಯೇ ಪ್ರತಿಯೊಬ್ಬರೂ ತಮ್ಮ ಕೌಂಟರನ್ನು ಬಿಯರ್ ಮಗ್ಗಿನ ಪಕ್ಕದಲ್ಲಿ, ಸದ್ದು ಬರುವಂತೆ, ಇಟ್ಟುಕೊಳ್ಳುತ್ತೇವೆ.

ಮಾರ್ಚ್ ತಿಂಗಳ ಆ ಗುರುವಾರ ನಾವು ನಾಲ್ವರು ಕುಳಿತಾಗಿತ್ತು: ಊಲಿಗ್, ನಾನು, ಔಷಧಿ ಅಂಗಡಿ ನಡೆಸಿ ನಿವೃತ್ತಳಾದ ವೈಡಾವರ್, ಬಸ್ ಓಡಿಸಿ ನಿವೃತ್ತನಾದ ನೆಸ್ಟ್ಲರ್. ನಾಲ್ಕು ಕೌಂಟರುಗಳು ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಿದ್ದವು. ನಮ್ಮೂರಿನ ನೆಲದ ಮೇಲೆ ಅಷ್ಟು ಮಾಮೂಲು. ಹೊರಗಿನ ಬಾಗಿಲು ತೆರೆದ ಸದ್ದಾಯಿತು. ಟಿಕ್‌ಟಿಕ್ ಚುರುಕಾಯಿತು. ಜೈಫರ್ಟ್ ಕೋಟು ಗೂಟಕ್ಕೆ ಹಾಕಿ ಒಳಗೆ ಕಾಲಿಡುವ ಹೊತ್ತಿಗೆ ನಾಲ್ಕೂ ಕೌಂಟರುಗಳು ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತಿದ್ದವು.

ಅವನು ಗೆಣ್ಣಿನಿಂದ ಮೇಜನ್ನು ಎರಡು ಸಲ ಕುಟ್ಟಿ, "ಗ್ಲೂಕ್ ಔಫ್," ಎಂದು ಗಣಿಯವರ ನಮಸ್ಕಾರ ಹೇಳಿ, ಸೊಂಟ ಹಿಡಿದುಕೊಂಡು ಕುಳಿತ. "ರೋಸ್‌ವಿಟಾ, ಆಲೂಗಡ್ಡೆ ಸೂಪು ಕೊಡಮ್ಮ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ."

ಊಲಿಗ್ ತನ್ನ ಕೌಂಟರನ್ನು ನೋಡಿದ, ಅವನನ್ನು ನೋಡಿದ. "ಏನೋ ತಂದಿದೀಯ?"

"ಹಸಿವು."

"ತಮಾಷೆ ಬೇಡ. ಇವು ಬಡ್ಕೋತಿರೋದು ಕೇಳಿಸ್ತಿಲ್ವಾ?"

"ಎಡಗಿವಿ ಮಂದ ಅಂತ ಗೊತ್ತಲ್ಲ ನಿನಗೆ."

"ಸೂಪಿಗೆ ಮೊದಲೇ ಹೇಳ್ಬೇಕು ಅನ್ನೋ ನಿಯಮ ತಂದೋನು ನೀನೇ, ಎಕ್‌ಹಾರ್ಡ್."

"ಹೇಳೋಕೆ ಏನಾದ್ರೂ ಇದ್ರೆ ತಾನೆ ಹೇಳೋದು?"

ಊಲಿಗ್‌ನ ಕುತ್ತಿಗೆ ಕೆಂಪಾಯಿತು. ತನ್ನ ಲೆಕ್ಕದ ಎಂಬತ್ತೈದನೆಯದನ್ನು ಜೇಬಿನಲ್ಲಿಟ್ಟುಕೊಂಡು ಒಬ್ಬ ಮನುಷ್ಯ ಸೂಪು ಕೇಳುತ್ತಿದ್ದಾನೆ, ನಮ್ಮನ್ನೆಲ್ಲ ಕಾಯಿಸಿ ಕೊನೆಗೆ ಸಿಹಿ ತಿನ್ನುವಾಗ ಹೊರತೆಗೆದು ಮಜಾ ನೋಡುತ್ತಾನೆ: ಅವನ ತಲೆಯಲ್ಲಿ ಓಡುತ್ತಿದ್ದುದು ಇದೇ.

"ಜೇಬು ಖಾಲಿ ಮಾಡು."

"ಊಲಿಗ್ ಅವರೇ, ಇದೇನು ಜೆಕ್ ಗಡಿಯ ಚೌಕಿಯಾ?" ಎಂದಳು ವೈಡಾವರ್.

ಜೈಫರ್ಟ್ ತಕರಾರು ಮಾಡಲಿಲ್ಲ. ಕರವಸ್ತ್ರ, ಬೀಗದಕೈ, ಓದುವ ಕನ್ನಡಕ, ಕೆಮ್ಮಿನ ಮಿಠಾಯಿ ಎಲ್ಲವನ್ನೂ ಸಾಲಾಗಿ ಇಟ್ಟ. ಊಲಿಗ್ ಒಂದೊಂದರ ಮೇಲೂ ಕೌಂಟರ್ ಆಡಿಸಿದ. ಮಿಠಾಯಿಯನ್ನು ಎರಡು ಸಲ ಅಳೆದ. ಏನೂ ಇಲ್ಲ. ಕೌಂಟರ್ ಜೈಫರ್ಟ್‌ನ ಎದೆಯ ಬಳಿ ಹೋದಾಗ ಮಾತ್ರ ಸಿಡಿತಗಳೆಲ್ಲ ಕೂಡಿಕೊಂಡು ಒಂದೇ ಕಿರುಚಲಾಯಿತು.

"ಒಳಂಗಿಗೆ ಹೊಲಿಸ್ಕೊಂಡಿದೀಯ! ಅತ್ತೆ ಗಡಿಯಾರ ಆಯ್ತು, ಈಗ ಯಾರದು? ಚಿಕ್ಕಪ್ಪಂದಾ?"

"ನನಗೆ ಗುಂಡಿ ಹೊಲಿಯೋಕೂ ಬರಲ್ಲ ಕಣೋ."

"ಸೊಂಟದ ಹತ್ರ ಹಿಡೀರಿ," ಎಂದ ನೆಸ್ಟ್ಲರ್. ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ ಅವನು. "ಅಲ್ಲಿ ಇನ್ನೂ ಜೋರು."

ಜೀವಮಾನವೆಲ್ಲ ಇದನ್ನೇ ಅಳೆದವನಿಗೆ ಆ ಹೊತ್ತಿಗಾದರೂ ಹೊಳೆಯಬೇಕಿತ್ತು. ಭುಜದಲ್ಲಿ ಜೋರು, ಬೆನ್ನುಮೂಳೆಯುದ್ದಕ್ಕೂ ಜೋರು, ಸೊಂಟದಲ್ಲಿ ಇನ್ನೂ ಜೋರು ಎಂದರೆ ಯಾವ ದರ್ಜಿ ಯಾವ ಒಳಂಗಿಗೆ ಹಾಗೆ ಹೊಲಿದಾನು? ಆದರೆ ಹೊಟ್ಟೆಕಿಚ್ಚು ಹತ್ತಿದವನ ಕೈಯಲ್ಲಿ ಕೌಂಟರ್ ಇದ್ದರೂ ಒಂದೇ, ಸೌಟು ಇದ್ದರೂ ಒಂದೇ. ಅವನು ಜೈಫರ್ಟ್‌ನ ಅಂಗಿಯ ಗುಂಡಿಗೇ ಕೈ ಹಾಕಿದ.

ಜೈಫರ್ಟ್ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

"ಬಿಡು ಗೊಟ್‌ಹೋಲ್ಡ್. ಬೆಳಿಗ್ಗೆ ಕೆಮ್ನಿಟ್ಸ್ ಆಸ್ಪತ್ರೆಗೆ ಹೋಗಿದ್ದೆ. ಸೂಜಿ ಚುಚ್ಚಿ ಮೂಳೆಗಳ ಚಿತ್ರ ತೆಗೆದ್ರು. ಸೊಂಟದಲ್ಲಿ ಏನೋ ಇರಬಹುದು ಅಂತಾರೆ. ಇಲ್ಲಿ ಹೇಳೋದು ಬೇಡ ಅಂದ್ಕೊಂಡಿದ್ದೆ."

ಕೌಂಟರುಗಳು ಮಾತ್ರ ಸಿಡಿಯುತ್ತಲೇ ಇದ್ದವು. ವೈಡಾವರ್ ಅವನ ತೋಳು ಮುಟ್ಟಿದಳು. ರೋಸ್‌ವಿಟಾ ಸೂಪಿನ ತಟ್ಟೆಗಳನ್ನು ಹಿಡಿದು ಬಾಗಿಲಲ್ಲೇ ನಿಂತಳು. ಯಾರಾದರೂ ಒಂದು ಒಳ್ಳೆಯ ಮಾತು ಆಡಬೇಕಿದ್ದ ಗಳಿಗೆ. ಆಡಿದವನು ಊಲಿಗ್.

"ಟೆಕ್ನೀಷಿಯಂ!" ಎಂದ. ದನಿ ಕೀರಲಾಗಿತ್ತು. "ಮೂಳೆ ಚಿತ್ರಕ್ಕೆ ಚುಚ್ಚೋದು ಅದನ್ನೇ! ನಲವತ್ತಮೂರು! ನಿನ್ನ ಮೈಯೆಲ್ಲ ನಲವತ್ತಮೂರು!"

ಜೈಫರ್ಟ್ ಅವನನ್ನು ಪಿಳಿಪಿಳಿ ನೋಡಿದ. ಬೆಳಿಗ್ಗೆಯಿಂದ ಬಾಡಿದ್ದ ಮುಖ ಮೆಲ್ಲನೆ ಅರಳಿತು.

"ಅಯ್ಯೋ, ಹೌದಲ್ಲೋ! ನನಗೆ ಹೊಳೆದೇ ಇರ್ಲಿಲ್ಲ." ಆಮೇಲೆ ಇದ್ದಕ್ಕಿದ್ದಂತೆ ಬಾಗಿಲ ಕಡೆ ತಿರುಗಿ ಕೂಗಿದ: "ರೋಸ್‌ವಿಟಾ, ಸೂಪು ಕೆಳಗಿಡಬೇಡ! ನಿಲ್ಲು! ಘೋಷಿಸ್ತಿದೀನಿ. ನಲವತ್ತಮೂರು, ಟೆಕ್ನೀಷಿಯಂ. ಅರ್ನೋ, ಬರ್ಕೋ!"

ನಾನು ಬರೆದುಕೊಂಡೆ. ಗಂಟೆ ಆರು ಹದಿನೇಳು. ಸೂಪು ಇನ್ನೂ ಗಾಳಿಯಲ್ಲಿತ್ತು.

"ಬೇಗ ಮುಗಿಸಿ, ಕೈ ಸುಡ್ತಿದೆ," ಎಂದಳು ರೋಸ್‌ವಿಟಾ.

"ಚೀಟಿ ಎಲ್ಲಿ?" ಎಂದ ಊಲಿಗ್, ಮುಳುಗುವವನು ಹಗ್ಗ ಹುಡುಕುವಂತೆ.

ಪಾಕೀಟಿನಲ್ಲಿತ್ತು. ವಿಮಾನ ನಿಲ್ದಾಣದಲ್ಲಿ ಯಾರಾದರೂ ತಡೆದರೆ ತೋರಿಸಲೆಂದು ಆಸ್ಪತ್ರೆಯವರು ಕೊಟ್ಟ ಕಾಗದ. ಧಾತುವಿನ ಹೆಸರು, ಎಷ್ಟು ಚುಚ್ಚಿದ್ದು, ತಾರೀಕು, ಒಂಬತ್ತು ನಲವತ್ತು ಎಂಬ ಸಮಯ, ಕೆಳಗೆ ವೈದ್ಯೆಯ ರುಜು, ಎಲ್ಲ ಅವಳ ಕೈಬರಹದಲ್ಲೇ. ನಮ್ಮ ಸಂಘದ ಇತಿಹಾಸದಲ್ಲಿ ಅಷ್ಟು ಅಚ್ಚುಕಟ್ಟಾದ ಚೀಟಿ ಬಂದಿರಲಿಲ್ಲ. ಊಲಿಗ್ ಅದನ್ನು ಎರಡು ಸಲ ಓದಿ, ತಿರುವಿ ಹಿಂಬದಿಯನ್ನೂ ನೋಡಿದ.

"ಮಾದರಿ ಡಬ್ಬಿಯಲ್ಲಿರ್ಬೇಕು," ಎಂದ ಕೊನೆಗೆ.

"ನಾನೇ ಡಬ್ಬಿ."

"ಆರು ಗಂಟೆಗೊಮ್ಮೆ ಅರ್ಧ ಕರಗುತ್ತೆ. ನಾಡಿದ್ದು ನೋಡಿದ್ರೆ ಏನೂ ಇರಲ್ಲ."

"ಕರಗಿ ಏನಾಗುತ್ತೆ? ಮತ್ತೊಂದು ಬಗೆಯ ಟೆಕ್ನೀಷಿಯಂ ಆಗುತ್ತೆ. ಅದು ಎರಡು ಲಕ್ಷ ವರ್ಷ ಇರುತ್ತೆ. ನನಗಿಂತ ಚೂರು ಜಾಸ್ತಿ."

"ಅದನ್ನ ನೀನು ಉಚ್ಚೆ ಹೊಯ್ದು ಕಳ್ಕೋತೀಯ!"

"ಬಾಟಲಿ ಇದ್ರೆ ಕಳ್ಕೊಳಲ್ಲ," ಎಂದ ನೆಸ್ಟ್ಲರ್. ಅಂದು ಅವನದು ಎರಡನೆಯ ಮಾತು.

"ನನ್ನ ಹೋಟೆಲಲ್ಲಿ ಆಗಲ್ಲ," ಎಂದು ರೋಸ್‌ವಿಟಾ ಸೂಪನ್ನು ಕುಕ್ಕಿದಳು.

ವಿವಾದ ಬಿದ್ದ ಮಾದರಿಯನ್ನು ಒಂದು ತಿಂಗಳು ಬಿಟ್ಟು ಮತಕ್ಕೆ ಹಾಕುವುದು ನಮ್ಮ ಪದ್ಧತಿ. ಹಾಗೆಂದು ಬರೆದು ಪುಸ್ತಕ ಮುಚ್ಚಿದೆ. ಜೈಫರ್ಟ್ ಎರಡು ತಟ್ಟೆ ಸೂಪು ಕುಡಿದ. ಊಲಿಗ್‌ನ ಸೂಪು ಕೆನೆಗಟ್ಟಿತು.

ಆ ತಿಂಗಳು ಊಲಿಗ್ ಹೇಗಿದ್ದನೆಂಬುದು ಬೇಕರಿಯ ಸಾಲಿನಲ್ಲಿ ಅವನ ಹೆಂಡತಿ ಇಂಗೆಬೋರ್ಗ್ ಸಿಕ್ಕಾಗ ತಿಳಿಯಿತು.

"ನಮ್ಮನೆಯವರು ಡಾಕ್ಟರ ಹತ್ರ ಹೋಗಿದ್ರು ಕಣ್ರಿ. ಮೈಯೆಲ್ಲ ನೋವು, ಮೂಳೆ ಚಿತ್ರ ತೆಗೆಸಿ ಅಂದ್ರಂತೆ. ಡಾಕ್ಟರಮ್ಮ ಅಲ್ಲಿ ಒತ್ತಿ ಇಲ್ಲಿ ಒತ್ತಿ, ನಿಮ್ಮ ಮೂಳೆ ನಲವತ್ತರವರ ಮೂಳೆ ಇದ್ದ ಹಾಗಿದೆ, ಹೋಗಿ ಗುಡ್ಡ ಹತ್ತಿ ಅಂದ್ಲಂತೆ. ಬೇರೆಯವರಾಗಿದ್ರೆ ಬರ್ತಾ ಕೇಕ್ ತರ್ತಿದ್ರು. ಇವರು ಬಂದು ಮುಖ ಊದಿಸ್ಕೊಂಡು ಕೂತ್ರು. ಮಾರನೇ ದಿನ ಮತ್ತೆ ಹೋಗಿ, ಮೂಳೆ ಬೇಡ, ಗಂಟಲ ಗ್ರಂಥಿಯಾದ್ರೂ ನೋಡಿ ಅಂದ್ರು. ಅದಕ್ಕೂ ಇದೇ ಸಾಮಾನು ಚುಚ್ತಾರಂತೆ. ರಕ್ತ ತೆಗೆದು ನೋಡಿದ್ರೆ ಅದೂ ಚೆನ್ನಾಗಿದೆ."

"ಒಳ್ಳೇದೇ ಆಯ್ತಲ್ಲ."

"ಅವರಿಗೆ ಹೇಳಿ ನೋಡಿ! ಎಕ್‌ಹಾರ್ಡ್‌ಗೆ ಅದೃಷ್ಟ ಜಾಸ್ತಿ ಅಂತಾರೆ. ಅದೃಷ್ಟ!" ಅವಳು ಬ್ರೆಡ್ಡಿನ ಚೀಲವನ್ನು ಕಂಕುಳಿಗೆ ಸೇರಿಸಿಕೊಂಡಳು. "ಮದುವೆಯಾಗಿ ನಲವತ್ತೆಂಟು ವರ್ಷ, ಅರ್ನೋ ಅವರೇ. ಗಣಿ ಬ್ಯಾಂಡಿನ ತುತ್ತೂರಿಯವನು ಮೂರು ವರ್ಷ ಪ್ರತಿ ಹಬ್ಬಕ್ಕೂ ನನ್ನ ಕೈ ಹಿಡಿದು ಕುಣಿದ. ಇವರು ಬಿಯರ್ ಕುಡೀತಾ ಚಪ್ಪಾಳೆ ಹೊಡೀತಿದ್ರು. ಇಷ್ಟು ಹೊಟ್ಟೆ ಉರಿ ಇದೆ ಅಂತ ಆಗ ಗೊತ್ತಾಗಿದ್ರೆ ಎಷ್ಟು ಸಂತೋಷ ಪಡ್ತಿದ್ದೆ."

ಅದೇ ವಾರ ಊಲಿಗ್ ನನ್ನ ಮನೆಗೂ ಬಂದ. ನಿಯಮಗಳ ಹಳೆಯ ಕಡತ ಬೇಕಂತೆ. ನಾನು ಊರಿನ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಇದ್ದವನು, ಏನನ್ನೋ ಹುಡುಕಲು ಬಂದವರಿಗೂ ಏನನ್ನೋ ತಪ್ಪಿಸಲು ಬಂದವರಿಗೂ ವ್ಯತ್ಯಾಸ ಗೊತ್ತು. ಅವನು ಅಡುಗೆಮನೆಯ ಮೇಜಿನಲ್ಲಿ ಎರಡು ಗಂಟೆ ಕುಳಿತು ಪ್ರತಿ ಪುಟದ ಮೇಲೂ ಬೆರಳಾಡಿಸಿದ.

"ನೋಡು, ಇಲ್ಲಿದೆ. 'ಮಾದರಿ ಸಂಗ್ರಾಹಕನ ಸ್ವಂತದ್ದಾಗಿರತಕ್ಕದ್ದು.' ಅವನ ಮೈಯೊಳಗೆ ಇರೋದು ಆಸ್ಪತ್ರೆ ಸೊತ್ತು. ಅವನಿಗೆ ಕೊಟ್ಟದ್ದಲ್ಲ, ಅವನ ಒಳಗೆ ಇಟ್ಟದ್ದು."

"ಹಾಗಾದ್ರೆ ವಾಪಸ್ ಕೇಳ್ತಾರಾ?"

"ನಿನಗೆ ಎಲ್ಲ ತಮಾಷೆ. ಹತ್ತೊಂಬತ್ತು ವರ್ಷ, ಅರ್ನೋ. ಒಂದೊಂದನ್ನೂ ಬೆವರು ಸುರಿಸಿ ತಂದಿದೀನಿ. ಅವನು ಜೀವನದಲ್ಲಿ ಒಂದಕ್ಕಾದ್ರೂ ಬಗ್ಗಿದ್ದಾನಾ? ಅತ್ತೆ ಸತ್ಲು, ರೇಡಿಯಂ ಬಂತು. ಸೊಂಟ ನೋವು ಬಂತು, ಟೆಕ್ನೀಷಿಯಂ ಬಂತು. ಇವನಿಗೆ ನೆಗಡಿ ಆದ್ರೆ ಪ್ಲಾಟಿನಂ ಸುರಿಯುತ್ತೆ."

ಕಾಫಿ ಬಗ್ಗಿಸುತ್ತ ಕೇಳಿದೆ: "ಅವನ ಚಿತ್ರದಲ್ಲಿ ಏನು ಬಂತಂತೆ?"

"ಯಾವ ಚಿತ್ರ?"

"ಮೂಳೆಯದು."

ಊಲಿಗ್ ಪುಟ ತಿರುವುವುದನ್ನು ನಿಲ್ಲಿಸಿದ. "ಕೇಳಿಲ್ಲ," ಎಂದ. "ಎಲ್ಲರೂ ಅವನನ್ನೇ ಕೇಳ್ತಿದಾರಲ್ಲ. ಅಂಚೆಯವಳು ಕೇಳ್ತಾಳೆ, ಪಾದ್ರಿ ಕೇಳ್ತಾರೆ. ಇಂಗೆಬೋರ್ಗ್ ಎರಡು ಸಲ ಪ್ಲಮ್ ಕೇಕ್ ಕಳಿಸಿದ್ಲು. ನಮ್ಮ ಮನೆಯ ಪ್ಲಮ್ಮು."

ಏಪ್ರಿಲ್ ತಿಂಗಳ ಗುರುವಾರ ಜೈಫರ್ಟ್ ಕೋಲು ಹಿಡಿದು ಬಂದ. ಕೌಂಟರುಗಳು ಮಾಮೂಲಿನಂತೆ ಟಿಕ್ ಎಂದವು, ಅಷ್ಟೆ. ಅವನು ಮೇಜು ಕುಟ್ಟಿ ಕುಳಿತು, ಸೂಪಿಗೆ ಮೊದಲೇ ಹೇಳಿಬಿಡುತ್ತೇನೆಂದು ಹೇಳಿದ: ಸೊಂಟದಲ್ಲಿ ಒಂದು ಚುಕ್ಕೆ, ಬೆನ್ನಿನಲ್ಲಿ ಎರಡು. ಬೇರೆಲ್ಲಿಂದಲೋ ಹರಡಿದ್ದು. ಮೇ ತಿಂಗಳಲ್ಲಿ ಚಿಕಿತ್ಸೆ ಶುರು. ವೈದ್ಯೆ ಒಳ್ಳೆಯವಳು, ಸುಳ್ಳು ಹೇಳುವುದಿಲ್ಲ, ಆದರೆ ನಿಜವನ್ನೂ ಒಂದೇ ಸಲ ಹೇಳುವುದಿಲ್ಲ.

"ಇಷ್ಟೇ. ಈಗ ನನ್ನ ನಲವತ್ತಮೂರು," ಎಂದ.

"ಇವತ್ತು ಬೇಡ ಬಿಡಿ, ಜೈಫರ್ಟ್," ಎಂದಳು ವೈಡಾವರ್.

"ಯಾಕೆ? ಒಂದು ತಿಂಗಳು ಇದಕ್ಕೇ ಕಾದಿದೀನಿ. ಬೇರೆ ಕಾಯೋದೆಲ್ಲ ಬೇಜಾರು."

ತನ್ನದೇ ಮಾದರಿಗೆ ತಾನು ಮತ ಹಾಕುವಂತಿಲ್ಲ. ಗೋಡೆಯ ಪೆಟ್ಟಿಗೆಯವನು ಕೊನೆಯಲ್ಲಿ ಹಾಕಬೇಕು. ತುಂಬಿದೆ ಎನ್ನುವವರು ಮಗ್ಗು ಎತ್ತಬೇಕು. ನೆಸ್ಟ್ಲರ್ ಎತ್ತಿದ. ನಾನೂ ಎತ್ತಿದೆ, ಚೀಟಿ ಸರಿಯಿದ್ದರೆ ಪುಸ್ತಕ ಸಾಲ ಕೊಡುವುದು ನನ್ನ ಹಳೆಯ ಅಭ್ಯಾಸ. ವೈಡಾವರ್ ಕಣ್ಣೊರೆಸಿಕೊಂಡಳು, ಆದರೆ ಎತ್ತಲಿಲ್ಲ. "ಕ್ಷಮಿಸಿ. ಮತ್ತೆ ತೆಗೆದು ತೋರಿಸೋಕಾಗದ್ದನ್ನ ಇದೆ ಅಂತ ಹೇಗೆ ಹೇಳಲಿ? ಔಷಧಿ ಅಂಗಡೀಲಿ ಹಾಗೆ ಹೇಳಿದ್ರೆ ಬಾಗಿಲು ಮುಚ್ಚಿಸ್ತಾರೆ."

ಉಳಿದವನು ಊಲಿಗ್.

ಅವನು ತಲೆಯ ಮೇಲಿನ ತನ್ನ ಪೆಟ್ಟಿಗೆಯನ್ನು ನೋಡಲಿಲ್ಲ, ಅದು ಅವನಿಗೆ ಬಾಯಿಪಾಠ. ಜೈಫರ್ಟ್‌ನ ಕೋಲನ್ನು ನೋಡಿದ. ತುಟಿ ಬಿಗಿದುಕೊಂಡಿತ್ತು. ಬಲಗೈ ಮಗ್ಗಿನ ಹಿಡಿಯ ಮೇಲೆ ಬಂದು ಕುಳಿತು ಎಷ್ಟೋ ಹೊತ್ತು ಹಾಗೆಯೇ ಇತ್ತು. ಆಮೇಲೆ ಮಗ್ಗು ಮೇಜಿನಿಂದ ಒಂದು ಬೆರಳಿನಷ್ಟು ಮೇಲೆದ್ದಿತು. ಪ್ರಾಣ ಹೋದರೂ ಇಷ್ಟು ಭಾರ ಎತ್ತಲಾರೆ ಎನ್ನುವವನ ಮುಖ ಅದು.

"ಇಳಿಸು," ಎಂದ ಜೈಫರ್ಟ್.

"ಏನು?"

"ಇಳಿಸೋ ಅದನ್ನ. ಖಾಲಿ ಅಂತ ನಿನ್ನ ಹೊಟ್ಟೇಲಿ ಇರೋದು ನನಗೆ ಗೊತ್ತು. ಕಡತ ತಿರುವಿದ್ದೂ ಗೊತ್ತು, ಡಾಕ್ಟರ ಹತ್ರ ಹೋಗಿದ್ದೂ ಗೊತ್ತು. ಇಡೀ ಊರಲ್ಲಿ ನೀನೊಬ್ಬನೇ ಈ ತಿಂಗಳು ನನ್ನ ನೋಡಿ ಕನಿಕರ ಪಡ್ಲಿಲ್ಲ. ನೀನೂ ಮಗ್ಗು ಎತ್ತಿಬಿಟ್ರೆ ಮುಗೀತು, ಮೇ ತಿಂಗಳು ದಾಟಲ್ಲ ಅಂತ ನಾನು ತೀರ್ಮಾನ ಮಾಡ್ಕೋಬೇಕಾಗುತ್ತೆ."

ಊಲಿಗ್ ಮಗ್ಗು ಇಳಿಸಿದ. ಎಷ್ಟು ಬೇಗ ಇಳಿಸಿದನೆಂದರೆ ಬಿಯರ್ ತುಳುಕಿ ನನ್ನ ಪುಸ್ತಕದ ಮೇಲೆ ಬಿತ್ತು.

"ಖಾಲಿ," ಎಂದ. ದನಿಯಲ್ಲಿ ನಾಚಿಕೆಯಿತ್ತು, ಅದಕ್ಕಿಂತ ಹೆಚ್ಚಾಗಿ ನೆಮ್ಮದಿಯಿತ್ತು. "ಡಬ್ಬಿ ಅಂದ್ರೆ ಡಬ್ಬಿ. ಮನುಷ್ಯ ಡಬ್ಬಿ ಅಲ್ಲ."

"ಹೊಟ್ಟೆಕಿಚ್ಚಿನ ಮುದುಕ."

"ಅತ್ತೆಯ ಮುದ್ದಿನ ಅಳಿಯ."

"ರೋಸ್‌ವಿಟಾ, ಸೂಪು!" ಎಂದ ಜೈಫರ್ಟ್.

ಎರಡಕ್ಕೆ ಎರಡು ಮತ ಬಿದ್ದವು, ಸಮಬಲವಾದರೆ ಇದ್ದದ್ದು ಇದ್ದಂತೆಯೇ. ನಲವತ್ತಮೂರನೆಯ ಮನೆ ಖಾಲಿ ಎಂದು ದಾಖಲಾಯಿತು, ಊಲಿಗ್‌ನ ಪೆಟ್ಟಿಗೆ ಗೋಡೆಯ ಮೇಲೆ ಉಳಿಯಿತು.